ಸೊಪ್ಪಿನ ಬೆಟ್ಟಕ್ಕೆ ಯಾರೂ ಗೊಬ್ಬರ ಹಾಕುವುದಿಲ್ಲ, ಅಲ್ಲಿನ ಮರಗಳಿಗೆ ರಂಜಕ ಎಲ್ಲಿಂದ ಸಿಗುತ್ತದೆ?

ಸಾಗರದ_ತೋಟ
ನಮ್ಮದು ಸಾಗರದ ಕಡೆ ಅಡಿಕೆ ತೋಟ. ಮೊನ್ನೆ ಮಣ್ಣು ಪರೀಕ್ಷೆಯ ರಿಪೋರ್ಟ್ ಬಂತು. ರಂಜಕ (ಫಾಸ್ಫರಸ್) ಕಡಿಮೆ, ಪಿಎಚ್ 5.1, ಅಂದರೆ ಮಣ್ಣು ಹುಳಿ, ಅಂತ ಇದೆ. ಪ್ರತಿ ವರ್ಷ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ರಾಸಾಯನಿಕ ಗೊಬ್ಬರ) ಹಾಕುತ್ತೇವೆ, ಕೊಟ್ಟಿಗೆ ಗೊಬ್ಬರವೂ ಹೋಗುತ್ತದೆ, ಆದರೂ ಕಡಿಮೆ. ಪಕ್ಕದ ಸೊಪ್ಪಿನ ಬೆಟ್ಟಕ್ಕೆ ಅಜ್ಜನ ಕಾಲದಿಂದಲೂ ಒಂದು ಹಿಡಿ ಗೊಬ್ಬರ ಬಿದ್ದಿಲ್ಲ, ಮೇಲಾಗಿ ನಾವೇ ಅಲ್ಲಿಂದ ತೋಟಕ್ಕೆ ಸೊಪ್ಪು ಕಡಿದು ತರುತ್ತೇವೆ, ಮರಗಳು ಮಾತ್ರ ಚೆನ್ನಾಗಿಯೇ ಇವೆ. ಸಾರಜನಕವಾದರೆ ಗಾಳಿಯಿಂದ ಬರುತ್ತದೆ. ರಂಜಕ ಎಲ್ಲಿಂದ ಬರುತ್ತದೆ? ನಾವು ಹಾಕಿದ್ದು ಎಲ್ಲಿಗೆ ಹೋಗುತ್ತಿದೆ?

ಮಣ್ಣುಪ್ರೇಮಿ
ಒಳ್ಳೆಯ ಪ್ರಶ್ನೆ. ರಂಜಕಕ್ಕೆ ಸಾರಜನಕದ ಹಾಗೆ ಗಾಳಿಯ ದಾರಿ ಇಲ್ಲ. ಅದರ ಮೂಲ ಬಂಡೆ. ರಂಜಕ ಇರುವ ಅಪಟೈಟ್ ಅನ್ನುವ ಖನಿಜ ಮಳೆಗೆ, ಬೇರು ಬಿಡುವ ಆಮ್ಲಕ್ಕೆ ನಿಧಾನವಾಗಿ ಕರಗಿ ಮಣ್ಣಿಗೆ ಸೇರುತ್ತದೆ. ಆದರೆ ಮಲೆನಾಡಿನ ಕೆಂಪು ಜಂಬಿಟ್ಟಿಗೆ ಮಣ್ಣು ತುಂಬಾ ಹಳೆಯದು. ಲಕ್ಷಾಂತರ ವರ್ಷದ ಮಳೆಗೆ ಬಂಡೆಯ ಪಾಲು ಬಹುಪಾಲು ತೊಳೆದುಹೋಗಿದೆ. ಹಾಗಾಗಿ ಬೆಟ್ಟ ಬದುಕಿರುವುದು ಹೊಸ ರಂಜಕದಿಂದ ಅಲ್ಲ, ಇದ್ದದ್ದನ್ನೇ ಮತ್ತೆ ಮತ್ತೆ ಬಳಸಿಕೊಂಡು. ಎಲೆ ಉದುರುವ ಮೊದಲೇ ಮರ ಅದರಲ್ಲಿರುವ ರಂಜಕದ ಸುಮಾರು ಅರ್ಧವನ್ನು ವಾಪಸ್ ಎಳೆದುಕೊಳ್ಳುತ್ತದೆ. ಉಳಿದದ್ದು ದರಕಾಗಿ, ಅಂದರೆ ಒಣ ಎಲೆಯಾಗಿ, ಬೀಳುತ್ತದೆ. ದರಕನ್ನು ಸ್ವಲ್ಪ ಸರಿಸಿ ನೋಡಿ, ಸಣ್ಣ ಬೇರುಗಳು ಮಣ್ಣಿನಿಂದ ಮೇಲೆ ಬಂದು ಕೊಳೆತ ಎಲೆಗಳ ನಡುವೆಯೇ ಹೆಣೆದುಕೊಂಡಿರುತ್ತವೆ. ಬೇರಿನ ಜೊತೆ ಶಿಲೀಂಧ್ರದ ಎಳೆಗಳೂ ಇರುತ್ತವೆ, ಬೇರಿಗೆ ಎಟುಕದ ಜಾಗದಿಂದ ರಂಜಕ ತಂದುಕೊಟ್ಟು ಮರದಿಂದ ಸಕ್ಕರೆ ಪಡೆಯುತ್ತವೆ.

ಗಾಳಿ ಅಂದರೆ ಧೂಳಿನ ರೂಪದಲ್ಲಿ ಸ್ವಲ್ಪ ಬರುತ್ತದೆ, ಅದೂ ಕೆಲವು ಕಡೆ. ಅಮೆಜಾನ್ ಕಾಡಿಗೆ ಸಹಾರಾದ ಧೂಳಿನಿಂದ ವರ್ಷಕ್ಕೆ ಸುಮಾರು 22,000 ಟನ್ ರಂಜಕ ಸಿಗುತ್ತದೆ ಅಂತ 2015ರಲ್ಲಿ ನಾಸಾ ಲೆಕ್ಕ ಕೊಟ್ಟಿತ್ತು. ಅಂಥ ಧೂಳು ಏಳುವ ಒಂದು ಮುಖ್ಯ ಜಾಗ ಚಾಡ್ ದೇಶದಲ್ಲಿ ಒಣಗಿಹೋದ ಹಳೆಯ ಕೆರೆಯಂಗಳ. ಒಂದು ಖಂಡದ ಒಣ ಕೆರೆ ಇನ್ನೊಂದು ಖಂಡದ ಕಾಡಿಗೆ ಗೊಬ್ಬರ ಕಳಿಸುತ್ತಿದೆ!

ಇನ್ನು ನಿಮ್ಮ ತೋಟ. ನೀವು ಹಾಕಿದ್ದರಲ್ಲಿ ಜಾಸ್ತಿ ಭಾಗ ಅಲ್ಲೇ ಇದೆ. ಹುಳಿ ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ರಂಜಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಪರೀಕ್ಷೆ ತೋರಿಸುವುದು ಬೇರಿಗೆ ಸಿಗುವಷ್ಟನ್ನು ಮಾತ್ರ, ಒಟ್ಟು ಎಷ್ಟಿದೆ ಅಂತ ಅಲ್ಲ. 50 ಕೆಜಿ ಡಿಎಪಿ ಚೀಲದಲ್ಲಿ ನಿಜವಾದ ರಂಜಕ ಇರುವುದೇ ಸುಮಾರು 10 ಕೆಜಿ. ಅದರಲ್ಲಿ ಆ ವರ್ಷ ಗಿಡಕ್ಕೆ ಸಿಗುವುದು ಕಾಲು ಭಾಗ ಆದರೆ ಹೆಚ್ಚು. ಮೊದಲು ಸುಣ್ಣ ಕೊಟ್ಟು ಹುಳಿ ಇಳಿಸಿ. ಸುಣ್ಣ ಮತ್ತು ಡಿಎಪಿ ಒಟ್ಟಿಗೆ ಮಾತ್ರ ಹಾಕಬೇಡಿ, ಸಾರಜನಕ ಗಾಳಿಗೆ ಹೋಗುತ್ತದೆ.

ಹೊಸಪೇಟೆ_ಹುಡುಗ
ಎಲ್ಲಾ ಅಲ್ಲೇ ಇರುವುದಿಲ್ಲ ಸರ್. ಮಳೆಗಾಲದಲ್ಲಿ ಕೆಂಪಗೆ ಹರಿಯುವ ನೀರು ನೋಡಿ, ಮಣ್ಣಿನ ಕಣಕ್ಕೆ ಅಂಟಿಕೊಂಡ ರಂಜಕ ಅದರ ಜೊತೆಗೇ ಹೊರಡುತ್ತದೆ. ನಿಮ್ಮ ಸಾಗರದ ಹತ್ತಿರ ಹುಟ್ಟುವ ವರದಾ ಕೊನೆಗೆ ತುಂಗಭದ್ರೆ ಸೇರುತ್ತದೆ ಅಲ್ವಾ? ನಮ್ಮ ಡ್ಯಾಮು ಕಟ್ಟಿದಾಗ 133 ಟಿಎಂಸಿ ನೀರು ಹಿಡಿಯುತ್ತಿತ್ತು, ಈಗ ಸುಮಾರು 105. ಉಳಿದ ಜಾಗದಲ್ಲಿ ಹೂಳು. ಗಣಿಯ ಮಣ್ಣು, ಹೊಲದ ಮಣ್ಣು, ಕಾಡಿನ ಮಣ್ಣು ಎಲ್ಲವೂ ಅದರಲ್ಲಿ ಇದೆ. ಹಿಂದಿನವರು ಬೇಸಿಗೆಯಲ್ಲಿ ಕೆರೆ ಹೂಳು ಎತ್ತಿ ಹೊಲಕ್ಕೆ ಹೊಡೆಯುತ್ತಿದ್ದದ್ದು ಸುಮ್ನೆ ಅಲ್ಲ.

ಡ್ಯಾಮು ದಾಟಿದ್ದು ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ. ಸಮುದ್ರದ ತಳಕ್ಕೆ ಕೂತರೆ ಅದು ಬಂಡೆಯಾಗಿ, ನೆಲ ಮೇಲೆದ್ದು, ಮತ್ತೆ ಮಣ್ಣಾಗಲು ಕೋಟ್ಯಂತರ ವರ್ಷ ಬೇಕು. ಉದಯಪುರದ ಹತ್ತಿರ ಝಾಮರ್ಕೋಟ್ರಾ ಗಣಿಯಲ್ಲಿ ಸಿಗುವ ರಾಕ್ ಫಾಸ್ಫೇಟ್ (ರಂಜಕ ತುಂಬಿದ ಬಂಡೆ) ಹಾಗೆ ಬಂದದ್ದು, ನೂರು ಕೋಟಿ ವರ್ಷಕ್ಕೂ ಹಿಂದೆ ಆಳವಿಲ್ಲದ ಸಮುದ್ರದಲ್ಲಿ ಸೂಕ್ಷ್ಮಜೀವಿಗಳ ಪದರದಲ್ಲಿ ಕೂತ ರಂಜಕ. ನಮ್ಮ ದೇಶಕ್ಕೆ ಅದು ಎಲ್ಲಿ ಸಾಕಾಗುತ್ತದೆ? ಬಹುಪಾಲು ಹೊರಗಿನಿಂದಲೇ ತರಿಸಬೇಕು. ಜಗತ್ತಿನ ದಾಸ್ತಾನಿನಲ್ಲಿ ಸುಮಾರು 70% ಮೊರಾಕೊ ಕೈಯಲ್ಲಿದೆ.

ಕೆರೆ_ಕಾವಲು
ಬೆಂಗಳೂರಿನಿಂದ ಒಂದು ಮಾತು. ಹೊಲದಲ್ಲಿ ಸಾಲದ ಇದೇ ರಂಜಕ ಕೆರೆಗೆ ಬಂದರೆ ಅತಿಯಾಗುತ್ತದೆ. ನಾವು ತಿಂದ ಅನ್ನದ ರಂಜಕ, ಸೋಪಿನ ಪುಡಿಯ ರಂಜಕ ಎಲ್ಲಾ ಚರಂಡಿ ನೀರಿನಲ್ಲಿ ಬೆಳ್ಳಂದೂರಿನಂಥ ಕೆರೆಗೆ ಹೋಗಿ ಅಂತರಗಂಗೆ, ಪಾಚಿ ಬೆಳೆಸುತ್ತದೆ. 1973ರಲ್ಲಿ ಕೆನಡಾದಲ್ಲಿ ಒಂದು ಸರೋವರದ ನಡುವೆ ಪರದೆ ಕಟ್ಟಿ ಎರಡೂ ಕಡೆ ಇಂಗಾಲ, ಸಾರಜನಕ ಹಾಕಿದರು, ಒಂದು ಕಡೆಗೆ ಮಾತ್ರ ರಂಜಕವನ್ನೂ ಸೇರಿಸಿದರು. ಹಸಿರಾದದ್ದು ಆ ಕಡೆ ಮಾತ್ರ.

ಸಾಗರದ_ತೋಟ
ಎಲ್ಲರಿಗೂ ಧನ್ಯವಾದ. ಹಾಗಾದರೆ ನಾವು ಸೊಪ್ಪು ತರುವುದು ಬೆಟ್ಟದ ರಂಜಕವನ್ನೇ ತೋಟಕ್ಕೆ ಸಾಗಿಸಿದಂತೆ ಆಯಿತಲ್ಲ? ನಿಲ್ಲಿಸಬೇಕಾ?

ಮಣ್ಣುಪ್ರೇಮಿ
ಹೌದು, ಸಾಗಿಸಿದಂತೆಯೇ. ಹಸಿ ಸೊಪ್ಪಿನಲ್ಲಿ ಇನ್ನೂ ಜಾಸ್ತಿ, ಮರ ಅದನ್ನು ವಾಪಸ್ ಎಳೆದುಕೊಂಡಿರುವುದಿಲ್ಲವಲ್ಲ. ಪೂರ್ತಿ ನಿಲ್ಲಿಸಬೇಕಿಲ್ಲ. ಬೆಟ್ಟದ ಒಂದು ಭಾಗವನ್ನು ಸರದಿಯಲ್ಲಿ ಕೆಲವು ವರ್ಷ ಮುಟ್ಟದೆ ಬಿಡಿ, ದರಕು ಪೂರ್ತಿ ಗುಡಿಸಬೇಡಿ. ಅಡಿಕೆ ಸಿಪ್ಪೆಯನ್ನು ರಸ್ತೆ ಬದಿಗೆ ಸುರಿಯದೆ ಕೊಳೆಸಿ ತೋಟಕ್ಕೇ ಹಾಕಿ. ಸುಟ್ಟಿದ್ದರೂ ಬೂದಿ ಬಿಸಾಡಬೇಡಿ, ಸಾರಜನಕ ಹೊಗೆಯಲ್ಲಿ ಹೋದರೂ ರಂಜಕದಲ್ಲಿ ಹೆಚ್ಚಿನದು ಬೂದಿಯಲ್ಲೇ ಉಳಿದಿರುತ್ತದೆ. ಬಸಿಗಾಲುವೆಯ ಕೊನೆಗೆ ಒಂದು ಗುಂಡಿ ತೆಗೆದರೆ ಹೂಳು ಅಲ್ಲೇ ನಿಲ್ಲುತ್ತದೆ, ಮಳೆ ಮುಗಿದ ಮೇಲೆ ಎತ್ತಿ ಮರದ ಬುಡಕ್ಕೆ ಹಾಕಬಹುದು.