ಎಂಬಿಎಯಲ್ಲಿ ‘ಮಾಡಿ ಕಲಿಯುವುದು’ ಅಂದರೆ ಎಲ್ಲಾ ಕಡೆ ಒಂದೇನಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಮೆಕ್ಯಾನಿಕಲ್ ಇಂಜಿನಿಯರ್. ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಪ್ರೊಡಕ್ಷನ್ ನೋಡಿಕೊಂಡು ನಾಲ್ಕು ವರ್ಷ ಆಯ್ತು. ಜಿಮ್ಯಾಟ್ ಬರೆದಿದ್ದೇನೆ, ಸ್ಕೋರು ಚೆನ್ನಾಗೇ ಬಂದಿದೆ. ಅಮೆರಿಕದ ಹಾರ್ವರ್ಡ್, ಎಂಐಟಿ ಸ್ಲೋನ್, ಮಿಶಿಗನ್ ರಾಸ್ ಈ ಮೂರು ಬಿಸಿನೆಸ್ ಸ್ಕೂಲ್‌ಗಳ ಬಗ್ಗೆಯೂ ಓದಿದೆ. ಮೂರೂ ಕಡೆ ‘ನಮ್ಮಲ್ಲಿ ಮಾಡಿ ಕಲಿಯುತ್ತೀರಿ’ ಅಂತಲೇ ಹೇಳುತ್ತಾರೆ. ನಿಜವಾಗಿ ವ್ಯತ್ಯಾಸ ಏನು? ನನಗೆ ಯಾವುದು ಹೊಂದುತ್ತೆ? ಅಪ್ಪ ಜಮೀನಿನ ಮೇಲೆ ಸಾಲ ತೆಗೆಯೋಣ ಅಂತಿದ್ದಾರೆ, ಹಾಗಾಗಿ ಸುಮ್ನೆ ಹೆಸರು ನೋಡಿ ಹೋಗೋಕೆ ಮನಸ್ಸಿಲ್ಲ.

ಉತ್ತರ: ವ್ಯತ್ಯಾಸ ಇದೆ, ಅದೂ ಜಾಸ್ತಿನೇ ಇದೆ.

ಹಾರ್ವರ್ಡ್‌ನಲ್ಲಿ ಮುಖ್ಯ ಕೇಸ್. ಒಂದು ಸೆಕ್ಷನ್‌ನಲ್ಲಿ ಸುಮಾರು 90 ಜನ. ಯಾವುದೋ ಕಂಪನಿಯಲ್ಲಿ ನಿಜವಾಗಿ ಬಂದ ಕಷ್ಟವನ್ನು ಹತ್ತಿಪ್ಪತ್ತು ಪುಟದಲ್ಲಿ ಬರೆದು ಕೊಟ್ಟಿರುತ್ತಾರೆ, ಅದನ್ನು ಮೊದಲೇ ಓದಿಕೊಂಡು ಹೋಗಬೇಕು. ಕ್ಲಾಸ್ ಶುರುವಾಗುತ್ತಿದ್ದ ಹಾಗೆ ಮೇಷ್ಟ್ರು ಯಾರಾದರೊಬ್ಬರ ಕಡೆ ತಿರುಗಿ ‘ನೀವಾಗಿದ್ದರೆ ಏನು ಮಾಡುತ್ತಿದ್ದಿರಿ’ ಅಂತ ಕೇಳುತ್ತಾರೆ. ಇದಕ್ಕೆ ಕೋಲ್ಡ್ ಕಾಲ್ ಅಂತ ಹೆಸರು. ಎರಡು ವರ್ಷದಲ್ಲಿ ಇಂಥ ಸುಮಾರು 500 ಕೇಸ್ ಆಗುತ್ತವೆ. ಪೂರ್ತಿ ಮಾಹಿತಿ ಇಲ್ಲದಿದ್ದರೂ ಒಂದು ತೀರ್ಮಾನಕ್ಕೆ ಬರುವುದು, ಅದನ್ನು ಎಲ್ಲರ ಮುಂದೆ ಸಮರ್ಥಿಸುವುದು, ತಪ್ಪು ಅನ್ನಿಸಿದರೆ ಅಲ್ಲೇ ಬದಲಾಯಿಸುವುದು, ಇದು ದಿನಾ ಅಭ್ಯಾಸ ಆಗುತ್ತೆ. ಆದರೆ ಆ ಪುಟಗಳಲ್ಲಿ ಬೇಕಾದ್ದನ್ನು ಬೇರೆ ಯಾರೋ ಆಗಲೇ ಆರಿಸಿ ಇಟ್ಟಿರುತ್ತಾರೆ. ಈ ಕೊರತೆ ಅವರಿಗೂ ಗೊತ್ತು. 2011ರಲ್ಲಿ ಫೀಲ್ಡ್ ಅನ್ನೋ ಕೋರ್ಸ್ ತಂದು ವಿದ್ಯಾರ್ಥಿಗಳನ್ನು ಬೇರೆ ದೇಶದ ಕಂಪನಿಗಳಿಗೆ ಕಳಿಸಲು ಶುರು ಮಾಡಿದ್ದು ಅದಕ್ಕೇ.

ರಾಸ್‌ನಲ್ಲಿ ಇದು ತಿರುಗುಮುರುಗು. ಅಲ್ಲಿ ಮ್ಯಾಪ್ ಅಂತ 1992ರಿಂದ ಇದೆ. ಮೊದಲ ವರ್ಷದಲ್ಲೇ ಏಳು ವಾರ ತಂಡವಾಗಿ ಒಂದು ಸಂಸ್ಥೆಯ ಕೆಲಸ ಮಾಡಬೇಕು, ಆ ಏಳು ವಾರ ಬೇರೆ ಕ್ಲಾಸೇ ಇರುವುದಿಲ್ಲ. ಫುಲ್ ಟೈಮ್ ಎಂಬಿಎಯವರಿಗೆಲ್ಲ ಕಡ್ಡಾಯ. ಸ್ಲೋನ್‌ನಲ್ಲಿ ಲ್ಯಾಬ್ ಅಂತ ಕರೆಯುವ ಪ್ರಾಜೆಕ್ಟ್ ಕೋರ್ಸ್‌ಗಳಿವೆ, ಬೇಕಾದವರು ಆರಿಸಿಕೊಳ್ಳಬಹುದು. 2000ದಲ್ಲಿ ಶುರುವಾದ ಜಿ-ಲ್ಯಾಬ್‌ನಲ್ಲಿ ಮೊದಲು ಕೆಲವು ತಿಂಗಳು ಕ್ಯಾಂಪಸ್‌ನಲ್ಲೇ ಕೂತು ದೂರದ ಕಂಪನಿಯ ಸಮಸ್ಯೆ ಅರ್ಥ ಮಾಡಿಕೊಂಡು, ಆಮೇಲೆ ಜನವರಿಯಲ್ಲಿ ಮೂರು ವಾರ ಆ ಕಂಪನಿಗೇ ಹೋಗಿ ಕೆಲಸ ಮಾಡುತ್ತಾರೆ.

ನಾನು ಈಗ ಆಸ್ಪತ್ರೆಗಳ ಆಪರೇಷನ್ಸ್ ಕೆಲಸದಲ್ಲಿದ್ದೇನೆ, ವಿದ್ಯಾರ್ಥಿ ತಂಡಗಳು ಬರುತ್ತಿರುತ್ತವೆ. ಒಂದು ಸಲ ಒಂದು ತಂಡಕ್ಕೆ ‘ಡಿಸ್ಚಾರ್ಜ್ ಬೇಗ ಆಗಬೇಕು’ ಅಂತ ಕೆಲಸ ಕೊಟ್ಟೆವು. ಬಂದವರೇ ಬಿಲ್ಲಿಂಗ್ ಸಾಫ್ಟ್‌ವೇರ್ ನಿಧಾನ ಅಂತ ಸ್ಲೈಡ್ ಮಾಡಿದರು. ನೋಡಲು ಚೆನ್ನಾಗಿತ್ತು, ನಮಗೂ ಸರಿ ಅನ್ನಿಸಿತ್ತು. ಆಮೇಲೆ ಒಬ್ಬಳು ಹುಡುಗಿ ಮೂರು ದಿನ ವಾರ್ಡಿನ ನರ್ಸಿಂಗ್ ಕೌಂಟರ್ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಳು. ಡಾಕ್ಟರು ಬೆಳಿಗ್ಗೆಯೇ ಸಹಿ ಹಾಕಿ ಹೋಗುತ್ತಿದ್ದರು. ಉಳಿದ ಮಾತ್ರೆ, ಸಿರಿಂಜು ಫಾರ್ಮಸಿಗೆ ವಾಪಸ್ ಹೋಗಿ ಲೆಕ್ಕ ಆಗದೆ ಬಿಲ್ ಮುಗಿಯುತ್ತಿರಲಿಲ್ಲ. ಅದನ್ನು ಕೊಂಡೊಯ್ಯುವ ಆಯಾ ಒಬ್ಬರೇ, ಅವರು ಮೂರು ವಾರ್ಡಿನ ಚೀಲ ಸೇರಲಿ ಅಂತ ಕಾಯುತ್ತಿದ್ದರು. ಸಾಫ್ಟ್‌ವೇರ್ ತಪ್ಪು ಏನೂ ಇರಲಿಲ್ಲ. ಕೇಸ್ ಆಗಿದ್ದರೆ ಆ ಚೀಲದ ವಿಷಯ ಏಳನೇ ಪುಟದಲ್ಲಿ ಅಚ್ಚಾಗಿರುತ್ತಿತ್ತು. ಇಲ್ಲಿ ಸ್ಟೂಲ್ ಮೇಲೆ ಕೂತವರಿಗೆ ಮಾತ್ರ ಕಂಡಿತು.

ಇನ್ನು ನಿಮ್ಮ ವಿಷಯ. ನಾಲ್ಕು ವರ್ಷ ಲೈನ್ ಪಕ್ಕ ನಿಂತವರು ನೀವು. ಮೆಷಿನ್ ಯಾಕೆ ನಿಂತಿತು ಅಂತ ಹುಡುಕುವುದು ನಿಮಗೆ ಆಗಲೇ ಕೈಗೆ ಹತ್ತಿದೆ. ಬಂಡವಾಳ, ಮಾರ್ಕೆಟಿಂಗ್, ಜನರನ್ನು ಒಪ್ಪಿಸುವುದು, ಇಡೀ ಕಂಪನಿಯ ಲೆಕ್ಕದಲ್ಲಿ ಯೋಚಿಸುವುದು, ಇದಕ್ಕೆ ನಿಮಗೆ ಅವಕಾಶ ಸಿಕ್ಕಿರುವುದು ಕಡಿಮೆ ಅಲ್ವಾ? ಹಾಗಾದರೆ ನಾನು ಕೇಸ್ ಜಾಸ್ತಿ ಇರುವ ಕಡೆ ಹೋಗಿ ಅನ್ನುತ್ತೇನೆ. ಬರೀ ಎಕ್ಸೆಲ್ ಮುಂದೆ ಕೂತು ಬಂದವರು ಕೇಳಿದ್ದರೆ ರಾಸ್ ಅನ್ನುತ್ತಿದ್ದೆ.

ಪ್ರಶ್ನೆ (ಅದೇ ಸದಸ್ಯರು): ಮೇಡಂ, ನಾನು ಅಂದುಕೊಂಡಿದ್ದಕ್ಕೆ ಪೂರ್ತಿ ಉಲ್ಟಾ ಹೇಳಿದಿರಿ. ಆದರೆ ನಾನು ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ. 90 ಜನರ ಮುಂದೆ ಇಂಗ್ಲಿಷ್‌ನಲ್ಲಿ ವಾದ ಮಾಡೋದು ಅಂದರೆ ಭಯ ಆಗುತ್ತೆ.

ಉತ್ತರ: ಭಯ ಸಹಜ. ಅಲ್ಲಿ ಮಾತಾಡಿದ್ದಕ್ಕೇ ಮಾರ್ಕ್ಸ್ ಇದೆ, ಎಷ್ಟೋ ಕೋರ್ಸ್‌ಗಳಲ್ಲಿ ಅರ್ಧದಷ್ಟು ಅದೇ, ಹಾಗಾಗಿ ಸುಮ್ಮನೆ ಕೂತರೆ ನಡೆಯುವುದಿಲ್ಲ. ಆದರೆ ಕ್ಲಾಸಿಗೆ ಮುಂಚೆ ಐದಾರು ಜನರ ಡಿಸ್ಕಷನ್ ಗ್ರೂಪ್ ಸೇರುತ್ತೆ, ಮೊದಲು ಅಲ್ಲಿ ಬಾಯಿ ಬಿಡಿ. ಮತ್ತೆ ಆ ಕ್ಲಾಸಿನಲ್ಲಿ ಬ್ಯಾಂಕು, ಕನ್ಸಲ್ಟಿಂಗ್‌ನಿಂದ ಬಂದವರು ಬೇಕಾದಷ್ಟು ಜನ ಇರುತ್ತಾರೆ. ನೈಟ್ ಶಿಫ್ಟಿನಲ್ಲಿ ಗುತ್ತಿಗೆ ಕಾರ್ಮಿಕರು ಅರ್ಧ ಜನ ಬರದಿದ್ದಾಗ ಲೈನ್ ಹೇಗೆ ನಡೆಸಿದೆ ಅಂತ ಹೇಳಬಲ್ಲವರು ಎಷ್ಟು ಜನ ಸಿಗುತ್ತಾರೆ? ವ್ಯಾಕರಣ ಹೆಚ್ಚುಕಮ್ಮಿ ಆದರೂ ಅದನ್ನು ಕಿವಿಗೊಟ್ಟು ಕೇಳುತ್ತಾರೆ.

ಪ್ರಶ್ನೆ (ಇನ್ನೊಬ್ಬರು, ಮೈಸೂರಿನಿಂದ): ನಾನು ಸಾಫ್ಟ್‌ವೇರ್ ಟೆಸ್ಟರ್. ಅಮೆರಿಕ ನನ್ನ ಕೈಲಾಗಲ್ಲ. ಇಲ್ಲೇ ಏನಿದೆ?

ಉತ್ತರ: ಇದೆ. ಐಐಎಂ ಅಹಮದಾಬಾದ್ 1961ರಲ್ಲಿ ಹಾರ್ವರ್ಡ್ ಸಹಯೋಗದಲ್ಲೇ ಶುರುವಾದದ್ದು, ಕೇಸ್ ಬೇಕು ಅಂದರೆ ಅದು. ಆದರೆ ನೀವು ಟೆಸ್ಟರ್, ಸ್ಕ್ರೀನ್ ಮುಂದೆ ಕೂತು ಕೆಲಸ ಮಾಡಿದವರು, ಹಾಗಾಗಿ ಮುಂಬೈನ ಎಸ್‌ಪಿ ಜೈನ್ ನೋಡಿ ಅನ್ನುತ್ತೇನೆ. ಅಲ್ಲಿ ಡಾಕ್ ಅಂತ ಕರೆಯುವ ಇಂಟರ್ನ್‌ಶಿಪ್‌ನಲ್ಲಿ ಕೆಲವು ವಾರ ಸ್ವಯಂಸೇವಾ ಸಂಸ್ಥೆಗಳ ಜೊತೆ ಕೆಲಸ ಮಾಡಿಸುತ್ತಾರೆ. ಹಳ್ಳಿ, ಹಾಲು, ಸಹಕಾರ ಸಂಘ ಇದರಲ್ಲಿ ಆಸಕ್ತಿ ಇದ್ದರೆ ಗುಜರಾತಿನ ಆನಂದ್‌ನಲ್ಲಿರುವ ಇರ್ಮಾ ಸಂಸ್ಥೆ ನೋಡಿ, ಅಮುಲ್‌ನ ಕುರಿಯನ್ ಅವರು 1979ರಲ್ಲಿ ಕಟ್ಟಿದ್ದು. ಅಲ್ಲಿ ಹಳ್ಳಿಯಲ್ಲೇ ಉಳಿದು ಕಲಿಯುವುದು ಕೋರ್ಸಿನ ಭಾಗ. ಎಲ್ಲಿಗೆ ಸೇರುವ ಮುಂಚೆಯೂ ಅಲ್ಲಿ ಓದಿದವರಿಗೆ ಫೋನ್ ಮಾಡಿ, ‘ನಿಮ್ಮ ಪ್ರಾಜೆಕ್ಟ್ ಆದಮೇಲೆ ಅಲ್ಲಿ ಏನು ಬದಲಾಯಿತು’ ಅಂತ ಕೇಳಿ. ತಡವರಿಸಿದರೆ ರಿಪೋರ್ಟ್ ಕಪಾಟು ಸೇರಿದೆ ಅಂತ ತಿಳಿಯಿರಿ. ನಮ್ಮಲ್ಲಿ ಆ ತಂಡ ಹೋದಮೇಲೆ ಫಾರ್ಮಸಿಯವರೇ ವಾರ್ಡಿಗೆ ಬಂದು ಲೆಕ್ಕ ತೆಗೆದುಕೊಳ್ಳಲು ಶುರು ಮಾಡಿದರು, ಈಗಲೂ ಹಾಗೇ ನಡೆಯುತ್ತಿದೆ.

ಪ್ರಶ್ನೆ (ಪೀಣ್ಯದವರು): ತುಂಬಾ ಥ್ಯಾಂಕ್ಸ್ ಮೇಡಂ. ಅಪ್ಪನ ಹತ್ತಿರ ಇವತ್ತೇ ಮಾತಾಡುತ್ತೇನೆ.

ಉತ್ತರ: ಮಾತಾಡಿ. ಒಂದು ಹೇಳಲು ಮರೆತೆ, ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಸ್ಕಾಲರ್‌ಶಿಪ್ ಕೊಡುವುದು ಮಾರ್ಕ್ಸ್ ನೋಡಿ ಅಲ್ಲ, ಹಣಕಾಸಿನ ಪರಿಸ್ಥಿತಿ ನೋಡಿ, ಹೊರದೇಶದವರಿಗೂ ಕೊಡುತ್ತಾರೆ. ಸೀಟು ಸಿಕ್ಕರೆ ಮೊದಲು ಆ ಅರ್ಜಿ ತುಂಬಿ. ಅದರ ಉತ್ತರ ಬರುವವರೆಗೆ ಜಮೀನಿನ ಪತ್ರ ಮನೆಯಲ್ಲೇ ಇರಲಿ.