ದಾವಣಗೆರೇಲಿ ಇಲ್ಲೇ ಮಾಡಿದ ಜಾಮ್, ಪೀನಟ್ ಬಟರ್ ಸಿಗುತ್ತಾ?

ಪ್ರಶ್ನೆ: ದಿನಸಿ ತರೋಕೆ ಎಲ್ಲಿ ಹೋದ್ರೂ ಬರೀ ದೊಡ್ಡ ಕಂಪನಿ ಬಾಟ್ಲಿಗಳೇ, ಪಕ್ಕದ ಜಿಲ್ಲೆ ಚಳ್ಳಕೆರೇಲಿ ಅಷ್ಟೊಂದು ಶೇಂಗಾ ಬೆಳೀತಾರೆ, ಇಲ್ಲಿಯವರೇ ಮಾಡಿದ್ದು ಯಾರಾದ್ರೂ ತಗೊಂಡಿದೀರಾ? ಮಕ್ಕಳ ಟಿಫನ್‌ಗೆ ಬೇಕಿತ್ತು.

ಉತ್ತರ: ಗಾಣದೆಣ್ಣೆ ಅಂಗಡಿ, ಸ್ತ್ರೀಶಕ್ತಿ ಸಂಘದೋರ ಮಳಿಗೆಲಿ ವಿಚಾರಿಸ್ರಿ. ಲೇಬಲ್ ಮೇಲೆ ಮಾರಾಟಗಾರರ ವಿಳಾಸ ಅಲ್ಲ, ತಯಾರಕರ ವಿಳಾಸ ನೋಡ್ರಿ, 14 ಅಂಕಿ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ನಂಬರೂ ಇರ್ಬೇಕು.

ಉತ್ತರ: ಪೀನಟ್ ಬಟರ್ ಮೇಲೆ ಎಣ್ಣೆ ತೇಲ್ತಿದ್ರೆ ಕೆಟ್ಟಿದೆ ಅನ್ಕೋಬೇಡ್ರಿ, ಬರೀ ಶೇಂಗಾ ರುಬ್ಬಿದ್ರೆ ಹಂಗೇ ಆಗೋದು, ಚಮಚದಲ್ಲಿ ತಳದಿಂದ ಕಲಸಿದ್ರೆ ಸರಿಹೋಗುತ್ತೆ. ಕಮಟು ವಾಸನೆ ಬಂದ್ರೆ ಮಾತ್ರ ಬೇಡವೇ ಬೇಡ. ಜಾಮ್ ಆದ್ರೆ ಪದಾರ್ಥಗಳ ಪಟ್ಟೀಲಿ ಸಕ್ಕರೆಗಿಂತ ಮೊದ್ಲು ಹಣ್ಣಿನ ಹೆಸ್ರು ಇರೋದೇ ತಗೊಳ್ರಿ, ಜಾಸ್ತಿ ಹಾಕಿದ್ದನ್ನೇ ಮೊದ್ಲು ಬರೀತಾರೆ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ರೀ, ಚಳ್ಳಕೆರೆಗೆ ಹೋದಾಗ ಗಾಣದೋರ ಹತ್ರಾನೂ ಕೇಳ್ತೀನಿ.