ಟಿಂಚರ್, ಅಯೋಡಿನ್, ರಿಯಾಕ್ಷನ್: ಕನ್ನಡದಲ್ಲಿ ಏನು ಬರೆಯೋಣ?

ಎಲ್ಲರಿಗೂ ನಮಸ್ಕಾರ,

ಒಂದು ಹೈಸ್ಕೂಲಿನ ಲ್ಯಾಬ್ ಗೋಡೆಗೆ ಅಂಟಿಸಲು ಅಯೋಡಿನ್ ಬಗ್ಗೆ ಒಂದು ಪುಟದ ಸೂಚನೆ ಬರೆಯುತ್ತಿದ್ದೇನೆ. ಏನಕ್ಕೆ ಬಳಸುತ್ತಾರೆ, ಯಾವುದರ ಜೊತೆ ಬೆರೆಸಬಾರದು, ಮೈಮೇಲೆ ಬಿದ್ದರೆ ಏನು ಮಾಡಬೇಕು, ಇಷ್ಟೇ ವಿಷಯ. ಕೆಲವು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ.

ಮೊದಲು ಟಿಂಚರ್. ನಮ್ಮ ಕಡೆ ಮಂಡಿ ತರಚಿದರೆ "ಸ್ವಲ್ಪ ಟಿಂಚರ್ ಹಾಕು" ಅನ್ನುತ್ತಾರೆ. ಕಂದು ಬಣ್ಣದ್ದು, ಹಾಕಿದ ಕೂಡಲೇ ಚುರ್ ಅನ್ನುತ್ತದೆ. ಆದರೆ ಔಷಧದವರ ಮಾತಿನಲ್ಲಿ ಟಿಂಚರ್ ಅಂದರೆ ಆಲ್ಕೋಹಾಲಿನಲ್ಲಿ ಕರಗಿಸಿದ ಮದ್ದು, ಅದು ಯಾವುದೂ ಆಗಿರಬಹುದು. ಮೂಗು ಕಟ್ಟಿದಾಗ ಬಿಸಿನೀರಿಗೆ ಹಾಕಿ ಹಬೆ ತೆಗೆದುಕೊಳ್ಳುವ ಟಿಂಚರ್ ಬೆಂಜಾಯಿನ್ ಕೂಡ ಟಿಂಚರೇ. ಅದೇ ಈಗ ಆಸ್ಪತ್ರೆಗಳಲ್ಲಿ ಹಚ್ಚುವ ಬೆಟಾಡಿನ್ ದ್ರಾವಣ ನೋಡಲು ಹಾಗೇ ಇದ್ದರೂ ಟಿಂಚರ್ ಅಲ್ಲ. ಅದು ಪೊವಿಡೋನ್ ಅಯೋಡಿನ್, ನೀರಿನಲ್ಲಿ ಕರಗಿಸಿದ್ದು. ಅಯೋಡಿನ್ನನ್ನು ಸ್ವಲ್ಪ ಸ್ವಲ್ಪವೇ ಬಿಡುವುದರಿಂದ ಉರಿ ಕಡಿಮೆ. ಹಾಗಾಗಿ ಬರಿಯ "ಟಿಂಚರ್" ಅಂತ ಬರೆಯಲು ನನಗೆ ಮನಸ್ಸಿಲ್ಲ. "ಟಿಂಚರ್ ಅಯೋಡಿನ್" ಅಂತ ಪೂರ್ತಿ ಬರೆದರೆ ಸಾಕಲ್ವಾ?

ನಿಜವಾದ ತೊಡಕು ಇರುವುದು ಅಯೋಡಿನ್ ಅನ್ನುವ ಪದದಲ್ಲೇ. 1811ರಲ್ಲಿ ಫ್ರಾನ್ಸಿನ ಬರ್ನಾರ್ಡ್ ಕೂರ್ತ್ವಾ ಕಡಲಪಾಚಿಯ ಬೂದಿಯಿಂದ ತೆಗೆದ ದ್ರವಕ್ಕೆ ಗಂಧಕಾಮ್ಲ ಹಾಕಿದಾಗ ನೇರಳೆ ಹೊಗೆ ಎದ್ದಿತು. ಆ ಬಣ್ಣಕ್ಕೆ ಗ್ರೀಕ್ ಭಾಷೆಯಲ್ಲಿರುವ ಪದದಿಂದಲೇ ಹೆಸರು ಬಂತು. ಅದಕ್ಕೆ ಹೊಸದೊಂದು ಕನ್ನಡ ಪದ ಕಟ್ಟುವುದು ಸುಮ್ನೆ ಶ್ರಮ. ಆದರೆ ಲ್ಯಾಬಿನ ಕಪ್ಪು ಹರಳು, ಗಾಯದ ಕಂದು ದ್ರವ, ಅಡುಗೆಮನೆಯ ಉಪ್ಪು, ಮೂರಕ್ಕೂ ನಾವು ಅದೊಂದೇ ಪದ ಬಳಸುತ್ತೇವೆ. "ಗಾಯಕ್ಕೆ ಹಚ್ಚೋದನ್ನ ಉಪ್ಪಿಗೆ ಯಾಕೆ ಹಾಕ್ತಾರೆ?" ಎಂದು ಯಾರಾದರೂ ಕೇಳಿದರೆ ಅದು ದಡ್ಡ ಪ್ರಶ್ನೆಯಲ್ಲ. ನಾವು ಬರೆಯುವ ರೀತಿಯೇ ಹಾಗಿದೆ.

ನಮ್ಮ ದೇಶದಲ್ಲಿ ಉಪ್ಪಿಗೆ ಸೇರಿಸುವುದು ಬರಿಯ ಅಯೋಡಿನ್ ಅಲ್ಲ, ಅಯೋಡಿನ್ ಇರುವ ಒಂದು ಸಂಯುಕ್ತ, ಪೊಟ್ಯಾಸಿಯಂ ಅಯೋಡೇಟ್. ಮನೆಗೆ ತಲುಪುವ ಉಪ್ಪಿನಲ್ಲಿ ಒಂದು ಕಿಲೋಗೆ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರಬೇಕು. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ ಮಾತ್ರ. ಆ ಉಪ್ಪನ್ನು ಗಂಜಿಗೆ ಹಾಕಿದರೆ ಗಂಜಿ ಬೆಳ್ಳಗೇ ಇರುತ್ತದೆ. ಅದೇ ಗಂಜಿಗೆ ಟಿಂಚರ್ ಅಯೋಡಿನ್ನಿನ ಒಂದು ಹನಿ ಬಿಟ್ಟರೆ ಕಪ್ಪುನೀಲಿ. ಆಶಾ ಕಾರ್ಯಕರ್ತೆಯರು ಉಪ್ಪು ಪರೀಕ್ಷಿಸುವ ಕಿಟ್‌ನಲ್ಲಿ ಉಪ್ಪು ನೀಲಿಯಾಗುತ್ತದಲ್ಲ ಅಂತ ಕೇಳಬಹುದು. ಕಿಟ್‌ನ ದ್ರವದಲ್ಲಿ ಅಯೋಡೇಟನ್ನು ಅಯೋಡಿನ್ ಆಗಿಸುವ ವಸ್ತುಗಳೂ ಗಂಜಿಯಲ್ಲಿರುವಂಥ ಪಿಷ್ಟವೂ ಇರುತ್ತವೆ, ಅದಕ್ಕೇ ಬಣ್ಣ. ಮಕ್ಕಳ ಸೂಚನೆಯಲ್ಲಿ "ಅಯೋಡಿನ್ ಹರಳು", "ಅಯೋಡಿನ್ ದ್ರಾವಣ", "ಅಯೋಡೇಟ್ ಸೇರಿಸಿದ ಉಪ್ಪು" ಎಂದು ಬೇರೆ ಬೇರೆ ಬರೆಯಬೇಕು ಅನ್ನುವುದು ನನ್ನ ವಾದ. ಪೊಟ್ಟಣದ ಮೇಲಿನ "ಅಯೋಡಿನ್‌ಯುಕ್ತ" ಪದ ತಪ್ಪಲ್ಲ, ಆದರೆ ಅದು ಈ ವ್ಯತ್ಯಾಸ ಹೇಳುವುದಿಲ್ಲ.

ಇನ್ನು ರಿಯಾಕ್ಷನ್. ಮಾತಿನಲ್ಲಿ "ರಿಯಾಕ್ಷನ್ ಆಯ್ತು" ಅಂದರೆ ಔಷಧ ಒಗ್ಗದೆ ಮೈಯೆಲ್ಲ ದದ್ದು ಎದ್ದಿತು ಎಂದೇ ಅರ್ಥ. "ಪ್ರತಿಕ್ರಿಯೆ" ಅಂದರೆ ಈಗ ಪತ್ರಕ್ಕೋ ಸುದ್ದಿಗೋ ಬರೆಯುವ ಉತ್ತರ. ನಾನು ಎರಡನ್ನೂ ಬಿಟ್ಟು ನೇರವಾಗಿ ಹೀಗೆ ಬರೆದಿದ್ದೇನೆ: "ಅಯೋಡಿನ್ ಮತ್ತು ಅಮೋನಿಯಾ ಯಾವತ್ತೂ ಸೇರಿಸಬೇಡಿ. ಸೇರಿ ಉಂಟಾಗುವ ವಸ್ತು ಒಣಗಿದ ಮೇಲೆ ಸ್ವಲ್ಪ ಮುಟ್ಟಿದರೂ ಸಿಡಿಯುತ್ತದೆ." "ಹರಳನ್ನು ಬಿಸಿ ಮಾಡಿದರೆ ಬರುವ ನೇರಳೆ ಆವಿ ಕಣ್ಣು, ಮೂಗು, ಗಂಟಲಿಗೆ ಉರಿ ತರುತ್ತದೆ. ಕಿಟಕಿ ತೆರೆದಿರಲಿ." "ಕುಡಿದರೆ ವಿಷ. ವಾಂತಿ ಮಾಡಿಸಬೇಡಿ, ಬಾಟಲಿ ಸಮೇತ ಆಸ್ಪತ್ರೆಗೆ ಕರೆದೊಯ್ಯಿರಿ." ಬಟ್ಟೆಯ ಕಲೆಗೆ ಹೈಪೋ, ಅಂದರೆ ಫೋಟೋ ತೊಳೆಯುವವರು ಬಳಸುತ್ತಿದ್ದ ಸೋಡಿಯಂ ಥಯೋಸಲ್ಫೇಟ್, ಎಂದು ಸೇರಿಸಿದ್ದೇನೆ. ವಿಟಮಿನ್ ಸಿ ಮಾತ್ರೆ ಕರಗಿಸಿದ ನೀರಿಗೂ ಆ ಬಣ್ಣ ಹೋಗುತ್ತದೆ.

ಇದಕ್ಕೆ ಅಂಟಿಕೊಂಡಂತೆ "ಅಯೋಡಿನ್ ಅಲರ್ಜಿ" ಅನ್ನುವ ಮಾತೂ ಇದೆ. ಸಿ.ಟಿ. ಸ್ಕ್ಯಾನ್‌ನಲ್ಲಿ ಚಿತ್ರ ಸ್ಪಷ್ಟವಾಗಲು ಅಯೋಡಿನ್ ಇರುವ ಔಷಧ ಕೊಡುವ ಮುಂಚೆ ಹೀಗೆ ಕೇಳುವುದುಂಟು. ಆದರೆ ಅಯೋಡಿನ್ ಇಲ್ಲದೆ ದೇಹಕ್ಕೆ ಬೇಕೇಬೇಕಾದ ಥೈರಾಯ್ಡ್ ಹಾರ್ಮೋನೇ ಆಗುವುದಿಲ್ಲ. ಒಗ್ಗದಿರುವುದು ಆ ಸ್ಕ್ಯಾನ್ ಔಷಧ, ಬರಿಯ ಅಯೋಡಿನ್ ಅಲ್ಲ. ಹಾಗಂತ ಡಾಕ್ಟರ್ ಕೇಳಿದಾಗ ಮುಚ್ಚಿಡಬಾರದು. ಯಾವ ಔಷಧಕ್ಕೆ ಏನಾಯಿತು ಅಂತ ಅದರ ಹೆಸರಿನ ಸಮೇತ ಹೇಳಬೇಕು.

ಕೊನೆಗೆ, ಅಯೋಡಿನ್ ಕೊರತೆಯಿಂದ ಕುತ್ತಿಗೆ ಊದುವುದಕ್ಕೆ "ಗಳಗಂಡ" ಎಂದು ಬರೆದಿದ್ದೇನೆ. ಕೆಲವರು ಇದನ್ನೇ "ಗಂಡಮಾಲೆ" ಅನ್ನುತ್ತಾರೆ. ಆಯುರ್ವೇದದಲ್ಲಿ ಅವೆರಡೂ ಬೇರೆ. ಗಂಡಮಾಲೆ ಅಂದರೆ ಮಾಲೆಯಂತೆ ಸಾಲಾಗಿ ಏಳುವ ಗಂಟುಗಳು, ಇಂಥವು ಕ್ಷಯದಿಂದಲೂ ಬರುತ್ತವೆ. ಮಲೆನಾಡು, ಕೊಡಗು, ಉತ್ತರ ಕರ್ನಾಟಕದ ಕಡೆಯವರು ಹೇಳಿ, ನಿಮ್ಮಲ್ಲಿ ಹಿರಿಯರು ಈ ಊತಕ್ಕೆ ಏನನ್ನುತ್ತಾರೆ? ಗಾಯದ ಕಂದು ಮದ್ದಿಗೆ ಟಿಂಚರ್ ಬಿಟ್ಟು ಬೇರೆ ಹೆಸರು ಇದೆಯೇ?